ಕಂಕುಳಲ್ಲಿದ್ದ ಎಕ್ಕಡ

ನಮ್ಮ ತಾತ ಹರೆಯದಲ್ಲಿ ಕನಕಪುರದ ಸಂತೆಯಿಂದ ಹೊಸ ಎಕ್ಕಡ ತಂದನಂತೆ. ದಾರಿಯುದ್ದಕ್ಕೂ ಮೆಟ್ಟಿಕೊಂಡು ಬಂದವನು ಮೇಲ್ಕೇರಿ ಸಿಕ್ಕೊಡನೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. "ಯಾರಾದ್ರೂ ಹೇಳಿದ್ರಾ ತಾತ?" ಅಂದೆ. "ಹೇಳೋದೇನ್ಲಾ ಮಗ, ಗೊತ್ತಿರ್ತಿತ್ತು" ಅಂದ.

ಈ 'ಗೊತ್ತಿರ್ತಿತ್ತು' ಅನ್ನೋದೇ ನಮ್ಮ ಬೀದಿಯ ಕಾನೂನು.

ಇಂಗ್ಲೆಂಡಿನಲ್ಲಿ ಇಂಥದ್ದನ್ನು ಬರೆದೇ ಇಟ್ಟಿದ್ದರು. 1348ರ ಪ್ಲೇಗಿನ ನಂತರ ಆಳು ಸಿಗದೆ ಕೂಲಿ ಏರಿತು. ಕೂಲಿಯವನ ಮೈಮೇಲೆ ಒಳ್ಳೆ ಬಟ್ಟೆ ಕಂಡು ಧಣಿಗಳಿಗೆ ಉರಿ ಹತ್ತಿತು. ಉಳುವವನು ಒರಟು ಉಣ್ಣೆಯನ್ನೇ ಉಡಬೇಕೆಂದು 1363ರಲ್ಲಿ ಶಾಸನವಾಯಿತು. 1604ರಲ್ಲಿ ಅಲ್ಲಿ ಉಡುಪಿನ ಶಾಸನಗಳೆಲ್ಲ ರದ್ದಾದವು.

ನಮ್ಮಲ್ಲಿ? ಚಂಡಾಲನಿಗೆ ಹೆಣದ ಬಟ್ಟೆ, ಒಡೆದ ಮಡಕೆ, ಕಬ್ಬಿಣದ ಒಡವೆ ಎಂದಿತು ಮನುಸ್ಮೃತಿ. ರದ್ದು ಮಾಡಿದವರಾರು?

ನಮ್ಮ ಸೀಮೆಗೇ ಬನ್ನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಬುಕಾನನ್ ಮೈಸೂರು ಸೀಮೆ ಸುತ್ತಿದ. ಚನ್ನಪಟ್ಟಣದ ಗಾಜಿನ ಬಳೆ, ವಾದ್ಯದ ಉಕ್ಕಿನ ತಂತಿ ಬಗ್ಗೆ ಬರೆದ. ಬಲಗೈ-ಎಡಗೈ ಪಣಗಳ ಜಗಳವನ್ನೂ ಬರೆದ. ಮದುವೆ ಚಪ್ಪರಕ್ಕೆ ಹನ್ನೆರಡು ಕಂಬ ಯಾರು ನೆಡಬಹುದು? ಮೆರವಣಿಗೆಯಲ್ಲಿ ಕುದುರೆ ಯಾರು ಏರಬಹುದು? ಹನುಮಂತನ ಬಾವುಟ ಯಾರು ಹಿಡಿಯಬಹುದು? ಬಲಗೈಗೆ ಬಣಜಿಗರು ಮುಂದಾಳು, ಎಡಗೈಗೆ ಪಂಚಾಳರು. ಬಡಿದಾಟಕ್ಕೆ ಮಾತ್ರ ಆ ಕಡೆ ಹೊಲೆಯರು, ಈ ಕಡೆ ಮಾದಿಗರು. ಯಾರದೋ ಕಂಬಕ್ಕೆ, ಯಾರದೋ ಕುದುರೆಗೆ ನಮ್ಮ ತಲೆ ಒಡೆದವು. ಒಡೆದವರೂ ನಾವೇ.

1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟರು. ಪುಸ್ತಕ ಉರಿಯಿತು, ಬೀದಿ ಬದಲಾಗಲಿಲ್ಲ. ಮರುತಿಂಗಳೇ ಇಂದೂರಿನ ಕಡೆಯಿಂದ ಸುದ್ದಿ ಬಂತು: ಬಲಾಯಿ ಜನ ಜರಿಯಂಚಿನ ರುಮಾಲು ಸುತ್ತಬಾರದು, ಬಣ್ಣದಂಚಿನ ಪಂಚೆ ಉಡಬಾರದು, ಹೆಂಗಸರು ಬೆಳ್ಳಿ-ಬಂಗಾರ ಇಡಬಾರದು. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಇದನ್ನು ದಾಖಲಿಸಿದರು.

ಗೆಳೆಯರೇ, ಈಗಲೂ ದಾಖಲೆ ಎಲ್ಲಿ ಅಂತ ಕೇಳುವ ಪಂಡಿತರಿದ್ದಾರೆ. ದಾಖಲೆ ಸರ್ಕಾರದ ಹತ್ತಿರವೇ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ 4ನೇ ಕಲಂ ನೋಡಿ: ಅಸ್ಪೃಶ್ಯರೆಂದು ಒಡವೆ ವಸ್ತ್ರ ತೊಡದಂತೆ ತಡೆಯುವುದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ ನೋಡಿ. ಅದು ಜಾರಿಗೆ ಬಂದದ್ದು 2016ರ ಜನವರಿ 26ರಂದು. ದಲಿತರು ಎಕ್ಕಡ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಸೈಕಲ್ ಹತ್ತುವುದನ್ನು, ಮದುವೆಯಲ್ಲಿ ಕುದುರೆ ಏರುವುದನ್ನು ತಡೆದರೆ ಆರು ತಿಂಗಳಿಂದ ಐದು ವರ್ಷ ಜೈಲು. ನಡೆಯದೇ ಇರೋದನ್ನ ಯಾವ ಸರ್ಕಾರ ನಿಷೇಧಿಸುತ್ತೆ? 1800ರ ಕುದುರೆ, ನಮ್ಮ ತಾತನ ಎಕ್ಕಡ, ಎರಡೂ 2016ರ ಕಾಯ್ದೆಯಲ್ಲಿವೆ.

ನಮ್ಮವ್ವ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಾಳೆ. ಮಾಗಡಿ, ಕನಕಪುರದ ಹೊಲಗಳಿಂದ ಬಂದ ಗೂಡು ಕುದಿನೀರಲ್ಲಿ ಬೇಯುತ್ತೆ. ಎಳೆ ಹುಡುಕೀ ಹುಡುಕೀ ಅವಳ ಬೆರಳು ಬಿಳಿಚಿವೆ. ನಾನು ಡಿಗ್ರಿ ಮುಗಿಸಿ ಮೊದಲ ಸಂಬಳದಲ್ಲಿ ರೇಷ್ಮೆ ಸೀರೆ ತಂದೆ. ಸವರಿ ನೋಡಿ ಮಡಿಸಿಟ್ಟಳು. "ಇದನ್ನುಟ್ಕಂಡು ಊರ್ ಮುಂದೆ ಎಂಗ್ಲಾ ಓಗ್ಲಿ?" ಅಂದಳು. ಅವಳಿಗೆ ಬೇಡ ಅಂದವರು ಯಾರೂ ಇಲ್ಲ. ತಾತನಿಗೆ ಗೊತ್ತಿದ್ದದ್ದು ಅವಳಿಗೂ ಗೊತ್ತು.

ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಕೇರಿಯ ಹಿರಿಯರನ್ನು ಕೇಳಿ: ಏನು ಉಡಬಾರದಿತ್ತು, ಏನು ಉಣ್ಣಬಾರದಿತ್ತು, ಯಾವ ಪಾತ್ರೆ ಹೊರಬಾರದಿತ್ತು? ಬರೆದಿಡಿ. ನಮ್ಮವ್ವ ಆ ಸೀರೆ ಉಟ್ಟು ಊರ ಮುಂದೆ ನಡೆದ ದಿನ ಆ ಪಟ್ಟಿ ಚರಿತ್ರೆಯಾಗುತ್ತೆ. ಅಲ್ಲೀತನಕ ಅದು ದೋಷಾರೋಪ ಪಟ್ಟಿ.