ಜೀವ ಕಾಯ್ದ ಕಪ್ಪು ನೇಯ್ಗೆ

ಫಾರ್ಮುಲಾ ಒನ್ ಕಾರುಗಳಲ್ಲಿ ಚಾಲಕ ಕೂರುವ ಒಡಲನ್ನು ಹಿಂದೆ ಅಲ್ಯೂಮಿನಿಯಂ ತಗಡಿನಿಂದ ಕಟ್ಟುತ್ತಿದ್ದರು. 1981ರಲ್ಲಿ ಮೆಕ್‌ಲಾರೆನ್ ತಂಡದ ವಿನ್ಯಾಸಕಾರ ಜಾನ್ ಬರ್ನಾರ್ಡ್ ಕಾರ್ಬನ್ ಫೈಬರ್ ಒಡಲಿನ ಕಾರನ್ನು ಕಣಕ್ಕಿಳಿಸಿದರು. ಇಂಗಾಲದ ಎಳೆಗಳಿಗೆ ಅಂಟುರಾಳ ಸೇರಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಹೊದಿಸಿ, ಒತ್ತಡದಲ್ಲಿ ಬೇಯಿಸಿದರೆ ಹಗುರವೂ ಗಟ್ಟಿಯೂ ಆದ ಒಡಲು ಸಿದ್ಧ. ಅಪಘಾತವಾದರೆ ಇದು ಪುಡಿಪುಡಿಯಾದೀತೆಂಬ ಭಯ ಹಲವರಿಗಿತ್ತು.

ಅದೇ ವರ್ಷ ಇಟಲಿಯ ಮೊಂಝಾದಲ್ಲಿ ಜಾನ್ ವಾಟ್ಸನ್ ಅವರ ಕಾರು ತಡೆಬೇಲಿಗೆ ಅಪ್ಪಳಿಸಿ, ಎಂಜಿನ್ ಕಿತ್ತುಹೋಯಿತು. ಒಡಲು ಮಾತ್ರ ಉಳಿಯಿತು. ವಾಟ್ಸನ್ ಗಾಯವಿಲ್ಲದೆ ಹೊರಬಂದರು. ಕ್ರಮೇಣ ಉಳಿದ ತಂಡಗಳೂ ಅದೇ ಹಾದಿ ಹಿಡಿದವು.

1992ರಲ್ಲಿ ಅನಾವರಣಗೊಂಡ ಮೆಕ್‌ಲಾರೆನ್ ಎಫ್1 ಈ ಬಗೆಯ ಒಡಲನ್ನು ರಸ್ತೆಗೂ ತಂದಿತು. ಇಂದು ಸ್ಪೋರ್ಟ್ಸ್ ಕಾರು ಕೊಳ್ಳುವವರು ಹೆಚ್ಚು ಹಣ ತೆತ್ತು, ಕನ್ನಡಿಯ ಕವಚಕ್ಕೂ ಸ್ಟಿಯರಿಂಗ್‌ಗೂ ಕಾರ್ಬನ್ ಫೈಬರ್ ಹಾಕಿಸಿಕೊಳ್ಳುತ್ತಾರೆ. ಅಲಂಕಾರವಾಗಿ ಮಿಂಚುವ ಈ ನೇಯ್ಗೆಯ ಮೇಲೆ ನಂಬಿಕೆ ಹುಟ್ಟಿಸಿದ್ದು ಮೊಂಝಾದ ಆ ಅಪಘಾತ.