ಅಪ್ರದಕ್ಷಿಣೆ ಬರುವ ಗ್ರಹಗಳು

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಖಗೋಲಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಹಳೆಯ ಓಲೆಗರಿಗಳ ಸಹವಾಸದಿಂದ ಒಂದು ಸಂಗತಿ ಬಲ್ಲೆ. ಕಾವ್ಯವೊಂದಕ್ಕೆ ಒಂದೇ ಪ್ರತಿ ಸಿಕ್ಕಿರುವಷ್ಟು ಕಾಲ ಅದರ ಪಾಠವೆಲ್ಲ ಶುದ್ಧವಾಗಿಯೇ ಕಾಣುತ್ತದೆ. ಎರಡನೆಯ ಪ್ರತಿ ದೊರೆತ ದಿನ ಸಂಪಾದಕನ ನಿದ್ದೆ ಕೆಡುತ್ತದೆ. ಗ್ರಹಗಳ ವಿಷಯದಲ್ಲಿಯೂ ಹೀಗೆಯೇ ಆಯಿತು.

ನಮ್ಮ ಸೌರವ್ಯೂಹವೇ ಆ ಒಂಟಿ ಪ್ರತಿ. ಸೂರ್ಯ ತನ್ನ ಅಕ್ಷದ ಮೇಲೆ ಯಾವ ದಿಕ್ಕಿಗೆ ತಿರುಗುತ್ತಾನೆಯೋ ಗ್ರಹಗಳೆಲ್ಲ ಅದೇ ದಿಕ್ಕಿನಲ್ಲಿ ಅವನಿಗೆ ಪ್ರದಕ್ಷಿಣೆ ಬರುತ್ತವೆ. ಸೂರ್ಯನ ನಡುರೇಖೆಗೂ ಭೂಮಿಯ ಕಕ್ಷೆಗೂ ಇರುವ ಓರೆ ಸುಮಾರು ೭ ಡಿಗ್ರಿ ಮಾತ್ರ. ತಿರುಗುವ ಒಂದೇ ಅನಿಲರಾಶಿಯಿಂದ ಇವೆಲ್ಲ ಹುಟ್ಟಿದುವೆಂದು ೧೭೫೫ರಲ್ಲಿ ಕ್ಯಾಂಟನೂ ೧೭೯೬ರಲ್ಲಿ ಲಾಪ್ಲಾಸನೂ ವಾದಿಸಿದರು. ಅನ್ಯ ನಕ್ಷತ್ರಗಳಿಗೂ ಗ್ರಹಗಳಿದ್ದರೆ ಅಲ್ಲಿಯೂ ಇದೇ ಶಿಸ್ತು ಇರಬೇಕೆಂದು ತಿಳಿಯುವುದು ಸಹಜವೇ ಆಗಿತ್ತು.

ಪರೀಕ್ಷಿಸುವುದು ಹೇಗೆ? ದೊಡ್ಡ ದೂರದರ್ಶಕದಲ್ಲಿಯೂ ನಕ್ಷತ್ರ ಒಂದು ಚುಕ್ಕೆ. ಅದು ಯಾವ ಕಡೆಗೆ ತಿರುಗುತ್ತಿದೆಯೆಂದು ಕಣ್ಣಿಗೆ ಕಾಣದು. ಆದರೆ ತಿರುಗುವ ನಕ್ಷತ್ರದ ಒಂದು ಅಂಚು ನಮ್ಮ ಕಡೆಗೆ ಬರುತ್ತಿರುತ್ತದೆ, ಇನ್ನೊಂದು ದೂರ ಸರಿಯುತ್ತಿರುತ್ತದೆ. ಬರುವ ಅಂಚಿನ ಬೆಳಕು ತುಸು ನೀಲಿಯ ಕಡೆಗೆ, ಸರಿಯುವ ಅಂಚಿನದು ಕೆಂಪಿನ ಕಡೆಗೆ ವಾಲುತ್ತದೆ. ಇನ್ನೊಂದು ಕಾಯ ಅಡ್ಡ ಬಂದು ಬರುವ ಅಂಚನ್ನು ಮುಚ್ಚಿತೆನ್ನಿ, ಉಳಿದ ಬೆಳಕು ಕೆಂಪಿಗೆ ವಾಲಿ ನಕ್ಷತ್ರವೇ ದೂರ ಸರಿದಂತೆ ಭ್ರಮೆಯಾಗುತ್ತದೆ. ಆಮೇಲೆ ಮತ್ತೊಂದು ಅಂಚು ಮುಚ್ಚಿದಾಗ ಹತ್ತಿರ ಬಂದಂತೆ. ಮೊದಲು ಕೆಂಪು, ಆಮೇಲೆ ನೀಲಿ ಎಂದಾದರೆ ಪ್ರದಕ್ಷಿಣೆ. ಕ್ರಮ ಹಿಂದುಮುಂದಾದರೆ ಅಪ್ರದಕ್ಷಿಣೆ. ಅಳತೆಗೆ ಸಿಗುವುದು ಕೋನವಲ್ಲ, ಆಕಾಶಪಟದ ಮೇಲೆ ಬಿದ್ದ ಅದರ ನೆರಳು. ಆದರೂ ಅದೇನು ಕಡಮೆಯೇ?

ಈ ಯುಕ್ತಿಯನ್ನು ಜೋಡಿ ನಕ್ಷತ್ರಗಳ ಗ್ರಹಣಕ್ಕಾಗಿ ೧೮೯೩ರಲ್ಲಿ ಹೋಲ್ಟ್ ಎಂಬಾತ ಸೂಚಿಸಿದ. ಶ್ಲೆಸಿಂಜರ್ ೧೯೧೦ರ ಸುಮಾರಿಗೆ ತುಲಾ ರಾಶಿಯ ಒಂದು ಜೋಡಿಯಲ್ಲಿ ಅದರ ಕುರುಹು ಕಂಡ. ೧೯೨೪ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು, ಬೀಟಾ ಲೈರೇ ನಕ್ಷತ್ರವನ್ನು ನೋಡಿದ ರಾಸಿಟರ್, ಆಲ್ಗಾಲ್ ನಕ್ಷತ್ರವನ್ನು ನೋಡಿದ ಮೆಕ್‌ಲಾಫ್ಲಿನ್, ಒಂದೇ ಪತ್ರಿಕೆಯಲ್ಲಿ ಒಂದರ ಬೆನ್ನಿಗೊಂದು ಲೇಖನ ಬರೆದು ಅದನ್ನು ಸ್ಥಾಪಿಸಿದರು. ಹೆಸರು ಅವರಿಗೇ ಉಳಿಯಿತು. ಹೋಲ್ಟನನ್ನು ನೆನೆಯುವವರು ವಿರಳ; ಬಿತ್ತಿದವನು ಒಬ್ಬ, ಕೊಯ್ದವನು ಇನ್ನೊಬ್ಬ. ರಾಸಿಟರ್ ಮುಂದೆ ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲಿನ ಆಕಾಶದಲ್ಲಿ ಜೋಡಿ ನಕ್ಷತ್ರಗಳನ್ನು ಹುಡುಕಿದ. ಮೆಕ್‌ಲಾಫ್ಲಿನ್ ೧೯೬೫ರಲ್ಲಿ, ರಾಸಿಟರ್ ೧೯೭೭ರಲ್ಲಿ ತೀರಿಕೊಂಡರು. ತಮ್ಮ ವಿಧಾನ ಗ್ರಹಗಳ ತಕ್ಕಡಿಯಾದೀತೆಂದು ಅವರಿಗೆ ಹೊಳೆದಿದ್ದೀತೆ!

೧೯೯೫ರಲ್ಲಿ ಮೇಯರ್ ಮತ್ತು ಕೆಲೋ ಫ್ರಾನ್ಸಿನ ಹಾತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ, ಸೂರ್ಯನಂಥ ನಕ್ಷತ್ರವೊಂದನ್ನು ನಾಲ್ಕು ದಿನ ಚಿಲ್ಲರೆಯಲ್ಲಿ ಸುತ್ತುವ ಅನಿಲದೈತ್ಯವನ್ನು ಕಂಡುಹಿಡಿದರು. ಅದೇ ವೀಕ್ಷಣಾಲಯದಿಂದ ೨೦೦೦ದಲ್ಲಿ ಕೆಲೋ ತಂಡ, ಎಚ್‌ಡಿ ೨೦೯೪೫೮ ಎಂಬ ನಕ್ಷತ್ರದ ಎದುರು ಗ್ರಹ ಹಾಯುವಾಗ ಹಳೆಯ ಯುಕ್ತಿಯನ್ನು ಪ್ರಯೋಗಿಸಿತು. ಗ್ರಹ ಮುಚ್ಚುವುದು ನೂರರಲ್ಲಿ ಒಂದೂವರೆ ಪಾಲು ಬೆಳಕು. ವೇಗದ ಭ್ರಮೆ ಸೆಕೆಂಡಿಗೆ ಸುಮಾರು ೪೦ ಮೀಟರು. ಜೋಡಿ ನಕ್ಷತ್ರಗಳಲ್ಲಿ ಅದು ಕಿಲೋಮೀಟರುಗಳ ಲೆಕ್ಕ! ಫಲಿತಾಂಶ ಪ್ರದಕ್ಷಿಣೆಯೇ. ಲಾಪ್ಲಾಸ್ ಗೆದ್ದ.

ಗೆಲವು ಬಹಳ ದಿನ ನಿಲ್ಲಲಿಲ್ಲ. ೨೦೦೮ರಲ್ಲಿ ಎಕ್ಸ್‌ಓ-೩ ಎಂಬಲ್ಲಿಯ ಗ್ರಹ ಓರೆಯೆಂದು ಶಂಕೆ ಹುಟ್ಟಿತು; ಮರುವರ್ಷ ಸುಮಾರು ೩೭ ಡಿಗ್ರಿಯ ಓರೆ ದೃಢವಾಯಿತು. ಅದೇ ೨೦೦೯ರಲ್ಲಿ ವಾಸ್ಪ್-೧೭ರ ಗ್ರಹ ಹಿಮ್ಮುಖವಾಗಿ ಸುತ್ತುತ್ತಿದೆಯೆಂಬ ವರದಿ ಬಂತು. ೨೦೧೦ರ ಏಪ್ರಿಲ್‌ನಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ ಟ್ರಿಯೊ ಮತ್ತು ಸಂಗಡಿಗರು ಪಟ್ಟಿ ಬಿಚ್ಚಿದಾಗ, ೨೭ ಗ್ರಹಗಳಲ್ಲಿ ಆರು ಅಪ್ರದಕ್ಷಿಣೆ ಬರುತ್ತಿದ್ದುವು! ಎರಡನೆಯ ಪ್ರತಿಯೇನು, ಒಂದು ಕಟ್ಟೇ ದೊರೆತಿತ್ತು.

ಇವು ಓರೆಯಾದದ್ದು ಹೇಗೆ? ದೂರದ ಜೊತೆಗಾರ ಬಹುಕಾಲ ಎಳೆದೆಳೆದು ಕಕ್ಷೆಯನ್ನು ಬಗ್ಗಿಸಿರಬಹುದೆನ್ನುವವರುಂಟು. ಆ ಗಣಿತವನ್ನು ಸೋವಿಯತ್ ದೇಶದ ಲಿಡೊವ್, ಜಪಾನಿನ ಕೊಜಾಯಿ ೧೯೬೦ರ ದಶಕದ ಮೊದಲಲ್ಲಿಯೇ ಬರೆದಿಟ್ಟಿದ್ದರು. ಗ್ರಹಗಳು ಒಂದನ್ನೊಂದು ನೂಕಾಡಿದುವು ಎನ್ನುವವರೂ ಇದ್ದಾರೆ. ತಿರುಗುವ ಮೂಲ ತಟ್ಟೆಯೇ ಓರೆಯಾಗಿತ್ತೆಂಬ ಪಕ್ಷವೂ ಇದೆ. ವ್ಯಾಜ್ಯ ತೀರಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ವಿನ್ ಮತ್ತು ಸಂಗಡಿಗರು ೨೦೧೦ರಲ್ಲಿ ಗುರುತಿಸಿದ ಸಂಗತಿ. ಓರೆ ಹೆಚ್ಚಾಗಿ ಕಾಣುವುದು ಸುಮಾರು ೬,೨೫೦ ಕೆಲ್ವಿನ್‌ಗಿಂತ ಬಿಸಿಯಾದ ನಕ್ಷತ್ರಗಳಲ್ಲಿ. ತಂಪಾದವುಗಳ ಹೊರಪದರ ಕುದಿನೀರಿನಂತೆ ಮೇಲೆಕೆಳಗೆ ಹೊರಳುತ್ತಿರುತ್ತದೆ. ಹತ್ತಿರದ ಗ್ರಹ ಅದರಲ್ಲಿ ಎಬ್ಬಿಸುವ ಉಬ್ಬರವಿಳಿತ ಕಾಲಕ್ರಮದಲ್ಲಿ ಓರೆಯನ್ನು ನೇರಮಾಡಿಬಿಡುತ್ತದೆಂದು ಅವರ ಊಹೆ. ಹಾಗಿದ್ದರೆ ಅಲ್ಲಿಯ ನೇರ ಕಕ್ಷೆ ಹುಟ್ಟಿನದೋ ಆಮೇಲಿನದೋ? ಲಿಪಿಕಾರ ತಿದ್ದಿ ನಯಮಾಡಿದ ಓಲೆಯಂತೆ ಆ ನಕ್ಷತ್ರ ಮೂಲಪಾಠವನ್ನು ತೋರಿಸದೆ ಕುಳಿತಿದೆ.