ಪತ್ತಾರ ಮುತ್ಯಾ ನೋಡುತ್ತಿದ್ದ ಬೆಳಕು

ನಮ್ಮ ಮನ್ನಳ್ಳಿ ಕಡೆ ಕೂಸಿನ ಕಿವಿ ಚುಚ್ಚುವುದು ಪತ್ತಾರರ ಕೆಲಸ. ಸೋದರಮಾವನ ತೊಡೆ ಮೇಲೆ ಕೂಸು, ಸುತ್ತ ಮನೆಮಂದಿ. ಪತ್ತಾರ ಮುತ್ಯಾ ಕೂಸಿನ ಕಿವಿಯನ್ನು ಬಿಸಿಲಿಗೆ ಹಿಡಿದು, "ತಲಿ ಗಟ್ಟಿ ಹಿಡೀರಿ, ಬೆಳಕು ನೋಡ್ಲತ್ತೀನಿ" ಅನ್ನುತ್ತಿದ್ದರು. ಸಣ್ಣವನಿದ್ದಾಗ ನನಗೆ ಅದು ಬರೀ ನೆಪ ಅನಿಸಿತ್ತು.

ನೆಪವಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದ ಹೆಚ್ಚಿನ ಭಾಗ ಕಿವಿಯದ್ದೇ. ಆರನೇ ಅಥವಾ ಏಳನೇ ತಿಂಗಳಲ್ಲಿ ಚುಚ್ಚಬೇಕು, ಕೂಸಿಗೆ ಆಟದ ಸಾಮಾನು ಕೊಟ್ಟು ರಮಿಸಬೇಕು, ಎಡಗೈಯಿಂದ ಕಿವಿ ಎಳೆದು ಬಿಸಿಲು ಹಾಯುವ ತೆಳು ಜಾಗದಲ್ಲಿ ನಿಧಾನಕ್ಕೆ, ನೆಟ್ಟಗೆ ಸೂಜಿ ಇಳಿಸಬೇಕು. ಆಮೇಲೆ ಎಣ್ಣೆ ಹಾಕಿದ ಹತ್ತಿ ಬತ್ತಿ. ರಕ್ತ ಬಹಳ ಬಂದರೆ, ನೋವು ಹೆಚ್ಚಾದರೆ ಜಾಗ ತಪ್ಪಿತೆಂದೇ ಲೆಕ್ಕ. ತಪ್ಪಿದರೆ ಬಾವು, ಜ್ವರ, ಗಂಟು, ಕುತ್ತಿಗೆ ಸೆಟೆಯುವುದು, ಮೈ ಸೆಳೆಯುವುದು ಎಂದೂ ಬರೆದಿದೆ. ಕೊನೆಯ ಎರಡನ್ನು ಓದುವಾಗ ನನಗೆ ಧನುರ್ವಾಯು ನೆನಪಾಯಿತು.

ಹರಿದ ಕಿವಿ ಜೋಡಿಸುವ 15 ಬಗೆಯೂ ಅದೇ ಅಧ್ಯಾಯದಲ್ಲಿವೆ. ಭಾರದ ಝುಮಕಿ ಹಾಕಿ ಹಾಕಿ ನಮ್ಮ ಆಯಿಯ ಕಿವಿ ಸೀಳಿ ಎರಡಾಗಿತ್ತು. ಈಗ ಅದನ್ನು ಆಸ್ಪತ್ರೆಯಲ್ಲಿ ಹೊಲಿಯುತ್ತಾರೆ ಅಂದರೆ ಆಕೆ ನಂಬಲೇ ಇಲ್ಲ.

ಆದರೆ ಆ ಹಳೇ ಕಾಲಕ್ಕೆ ಕಣ್ಣಿಗೆ ಕಾಣದ ರೋಗಾಣು ಗೊತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರೋಗಾಣು ಕೊಲ್ಲಬೇಕೆಂದು ಲಿಸ್ಟರ್ ಬರೆದದ್ದು 1867ರಲ್ಲಿ. ಜಾತ್ರೆಯಲ್ಲಿ ಒಂದೇ ಸೂಜಿ ಒರೆಸಿ ಹತ್ತು ಮಕ್ಕಳಿಗೆ ಚುಚ್ಚಿದರೆ ಒಬ್ಬರ ಕಾಮಾಲೆ, ಅಂದರೆ ಹೆಪಟೈಟಿಸ್ ಬಿ, ಇನ್ನೊಬ್ಬರಿಗೆ ದಾಟಬಹುದು. ಆರನೇ ತಿಂಗಳು ಅನ್ನುವುದು ಈಗಲೂ ಒಳ್ಳೆಯ ಲೆಕ್ಕವೇ. ಸರಕಾರಿ ಪಟ್ಟಿಯಲ್ಲಿ ಪೆಂಟಾ ಲಸಿಕೆ 6, 10, 14ನೇ ವಾರಕ್ಕಿದೆ. ಆ ಹೊತ್ತಿಗೆ ಮೂರೂ ಮುಗಿದಿರುತ್ತವೆ, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಎರಡಕ್ಕೂ ತಡೆ ಅದರಲ್ಲೇ ಇದೆ.

ಈಗ ಅಂಗಡಿಗಳಲ್ಲಿ ಗನ್ ಬಂದಿದೆ. ಚಟ್ ಅಂತ ಮುಗಿಯುತ್ತದೆ, ನಿಜ. ಆದರೆ ಪ್ಲಾಸ್ಟಿಕ್ಕಿನ ಗನ್ನನ್ನು ಆಸ್ಪತ್ರೆಯ ಹಾಗೆ ಉಗಿಯಲ್ಲಿ ಬೇಯಿಸಿ ಶುದ್ಧ ಮಾಡಲಾಗದು. ಕಿವಿಯ ಮೇಲ್ಭಾಗಕ್ಕಂತೂ ಅದು ಬೇಡವೇ ಬೇಡ. ಬುಗುಡಿ ನಮ್ಮಲ್ಲಿ ಹೊಸದೇನಲ್ಲ. ಆದರೆ ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳವಿಲ್ಲ, ಕೀವಾದರೆ ಬೇಗ ಮಾಯದು. 2000ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಒಂದೇ ಅಂಗಡಿಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ 7 ಮಂದಿಗೆ ಸೋಂಕು ಖಚಿತವಾಯಿತು. ಹುಡುಕಿದರೆ, ರೋಗಾಣು ಇದ್ದದ್ದು ಶುದ್ಧ ಮಾಡಲು ಸಿಂಪಡಿಸುತ್ತಿದ್ದ ಔಷಧಿ ಬಾಟಲಿಯಲ್ಲೇ!

ಹಾಗಾಗಿ ಪತ್ತಾರರಾಗಲಿ, ಡಾಕ್ಟರಾಗಲಿ, ಹೊಸ ಸೂಜಿಯ ಪಾಕೀಟು ನಿಮ್ಮೆದುರೇ ಒಡೆಯಲಿ. ಕೈ ತೊಳೆದರೋ ಕೇಳಿ, ಸಂಕೋಚ ಬೇಡ. ಗಾಯಕ್ಕೆ ಬೂದಿ, ಸಗಣಿ ಬೇಡ, ಕುದಿಸಿ ಆರಿಸಿದ ಉಪ್ಪುನೀರು ಸಾಕು. ಕಿವಿಯ ಮೇಲ್ಭಾಗ ಕೆಂಪಾಗಿ ಬಾತು ಬಿಸಿಯಾದರೆ ಅರಿಶಿನ ಹಚ್ಚಿ ಕಾಯಬೇಡಿ. ಅದೇ ದಿನ ಬೀದರಿನ ಬ್ರಿಮ್ಸ್‌ನಂಥ ದೊಡ್ಡಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಕರಗಿದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ.